ಮದ್ದುಸೊಪ್ಪಿನ ಬಣ್ಣದ ಕಾಲ್ಬೆರಳು

ನಿನ್ನೆ ಕಕ್ಕಡ ಹದಿನೆಂಟು, ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡಿದ್ದೆವು. ಸೊಪ್ಪು ಬೆಂದು ರಸ ಬಿಡುವಾಗ ನೀರಿಗಿಳಿಯುವ ಕಡುನೇರಳೆಯನ್ನು ಕೊಡಗಿನವರಿಗೆ ವರ್ಣಿಸಬೇಕಾಗಿಲ್ಲ. ಆ ಬಣ್ಣ ಕಂಡಾಗಲೆಲ್ಲ ನನಗೆ 2020ರ ಆಗಸ್ಟ್ ಕಣ್ಣಮುಂದೆ ಬರುತ್ತದೆ. ಆಗ ಅದೇ ಬಣ್ಣ ನನ್ನ ಅಣ್ಣನ ಮಗನ ಕಾಲ್ಬೆರಳುಗಳ ಮೇಲಿತ್ತು.

ತಲಕಾವೇರಿಯಲ್ಲಿ ಬ್ರಹ್ಮಗಿರಿ ಕುಸಿದ ವಾರ ಅದು. ನಾವಿರುವುದು ಮಾದಾಪುರದ ಹತ್ತಿರ. ಕರೆಂಟು ಹೋದರೆ ಮೂರು ದಿನ ಬರುತ್ತಿರಲಿಲ್ಲ. ಹುಡುಗನಿಗೆ 14 ವರ್ಷ. ಆನ್‌ಲೈನ್ ಕ್ಲಾಸಿಗೆ ನೆಟ್‌ವರ್ಕ್ ಹುಡುಕಿಕೊಂಡು ದಿನಾ ತೋಟದ ಮೇಲಿನ ಗುಡ್ಡ ಹತ್ತುತ್ತಿದ್ದ. ಒಂದು ಸಂಜೆ ಒಲೆಯ ಮುಂದೆ ಕಾಲು ಕಾಯಿಸಲು ಕೂತವನು ತಟ್ಟನೆ ಹಿಂದಕ್ಕೆಳೆದುಕೊಂಡ. "ಅತ್ತೆ, ಬಿಸಿ ತಾಗಿದ್ರೆ ಜಾಸ್ತಿ ಉರೀತದೆ" ಅಂದ.

"ಕೆಸರುಹುಣ್ಣು ಕಣೆ, ಮದರಂಗಿ ಅರೆದು ಹಚ್ಚು" ಅಂದರು ಅಮ್ಮ. ಮಳೆಗಾಲದಲ್ಲಿ ಯಾರ ಕಾಲು ತಾನೇ ಸರಿ ಇರುತ್ತದೆ ಇಲ್ಲಿ? ಜಿಗಣೆ ಕಚ್ಚಿದ ಗಾಯ, ಗಮ್‌ಬೂಟಿನೊಳಗೆ ನೆನೆದು ಬೆಳ್ಳಗಾದ ಪಾದ, ಕಂಬಳಿಹುಳುವಿನ ತುರಿಕೆ. ಚರ್ಮಕ್ಕೆ ಏನೇ ಆದರೂ ತಪ್ಪನ್ನು ಮಳೆಯ ಮೇಲೆ ಹಾಕಿ ಸುಮ್ಮನಾಗುವುದು ನಮಗೆ ರೂಢಿ. ನಾನೂ ಹಚ್ಚಿದೆ, ಎರಡು ದಿನ. ಮೂರನೇ ದಿನ ಟಾರ್ಚ್ ಹಿಡಿದು ಸರಿಯಾಗಿ ನೋಡಿದೆ. ಕೆಸರುಹುಣ್ಣು ಬೆರಳ ಸಂದಿಯಲ್ಲಿ ಆಗುತ್ತದೆ, ಚರ್ಮ ಬೆಳ್ಳಗೆ ಬಿರಿಯುತ್ತದೆ, ವಾಸನೆ ಬರುತ್ತದೆ. ಇವನಿಗೆ ಸಂದಿಗಳೆಲ್ಲ ಚೆನ್ನಾಗಿಯೇ ಇದ್ದವು. ಊತ ಇದ್ದದ್ದು ಬೆರಳುಗಳ ಬೆನ್ನಿನ ಮೇಲೆ, ಎರಡೂ ಕಾಲಿಗೆ. ಮುಟ್ಟಿದರೆ ಮುಖ ಕಿವುಚುತ್ತಿದ್ದ.

ಅದೇ ವಾರ ಅಪ್ಪನಿಗೆ ಜ್ವರ ಬಂದು ಕೊರೊನಾ ಪಾಸಿಟಿವ್ ಆಯಿತು. ಮನೆಯವರಿಗೆಲ್ಲ ಪರೀಕ್ಷೆ ಮಾಡಿದರು, ಹುಡುಗನದು ನೆಗೆಟಿವ್. ಅವನ ಕಾಲನ್ನು ಒಂದು ಆಸ್ಪತ್ರೆಯಲ್ಲಿ ತೋರಿಸಲು ಹೋದರೆ ವೈದ್ಯರು ಮೇಜಿನ ಆಚೆಯಿಂದಲೇ ನೋಡಿ ಫಂಗಸ್‌ನ ಮುಲಾಮು ಬರೆದುಕೊಟ್ಟರು. ಇನ್ನೊಬ್ಬರಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. "ಕಪ್ಪಗೆ ಕಾಣುತ್ತದೆ ಅಷ್ಟೇ, ಏನೂ ಗೊತ್ತಾಗುವುದಿಲ್ಲ" ಅಂದರು. ಮನೆಮನೆ ಸರ್ವೆಗೆ ಬಂದ ಆಶಾ ಕಾರ್ಯಕರ್ತೆ ಮಾತ್ರ ಜಗಲಿಯಲ್ಲಿ ಬಗ್ಗಿ ಕೂತು ಆ ಕಾಲನ್ನು ನೋಡಿದ್ದು. ನೋಡಿ ಎದ್ದು, "ಅಕ್ಕಾ, ಜ್ವರ, ಕೆಮ್ಮು, ಉಸಿರಾಟದ ತೊಂದರೆ ಕೇಳಿದ್ದಾರೆ. ಇದನ್ನು ಬರೆಯಲಿಕ್ಕೆ ಫಾರಂನಲ್ಲಿ ಜಾಗ ಇಲ್ಲ" ಅಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಏಕೆಂದರೆ ಆ ಹೊತ್ತಿಗಾಗಲೇ ಗೊತ್ತಿದ್ದ ವಿಷಯ ಅದು. 2020ರ ಏಪ್ರಿಲ್‌ನಲ್ಲೇ ಸ್ಪೇನ್‌ನ ಚರ್ಮವೈದ್ಯರು 375 ಕೊರೊನಾ ರೋಗಿಗಳ ಚರ್ಮ ನೋಡಿ ವರದಿ ಕೊಟ್ಟಿದ್ದರು. ಅವರಲ್ಲಿ 47% ಜನರಿಗೆ ದಡಾರದಂಥ ಕೆಂಪು ಗುಳ್ಳೆ, 19% ಜನರಿಗೆ ಪಿತ್ತಗಂಧೆ, ಇನ್ನೊಂದು 19% ಜನರಿಗೆ ಥಂಡಿಗೆ ಊದಿಕೊಂಡಂಥ ಕೈಕಾಲು ಬೆರಳು. ಈ ಬೆರಳಿನ ಊತ ಹೆಚ್ಚಾಗಿ ಎಳೆಯರಲ್ಲಿ, ಕಾಯಿಲೆ ಹಗುರವಾಗಿದ್ದವರಲ್ಲಿ, ಉಳಿದ ಲಕ್ಷಣಗಳು ಬಂದ ಮೇಲೆ ಕಾಣಿಸಿಕೊಂಡು ಸುಮಾರು ಎರಡು ವಾರ ಇರುತ್ತಿತ್ತು. ಅದಕ್ಕೆ 'ಕೋವಿಡ್ ಟೋ' ಎಂಬ ಹೆಸರೂ ಬಿತ್ತು. ಚರ್ಮದ ಗುಳ್ಳೆ, ಬೆರಳುಗಳ ಬಣ್ಣಗೇಡನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಅಷ್ಟಾಗಿ ಕಾಣದ ಲಕ್ಷಣಗಳ ಪಟ್ಟಿಗೆ ಸೇರಿಸಿತ್ತು.

ಇಂಥ ಬೆರಳಿದ್ದ ಎಷ್ಟೋ ಮಕ್ಕಳ ಪರೀಕ್ಷೆ ನೆಗೆಟಿವ್ ಬಂದಿದೆ. ವೈರಾಣುವನ್ನು ದೇಹ ಬೇಗ ಓಡಿಸಿದ್ದರಿಂದ ಹೀಗೆ, ಆ ಹೋರಾಟದಲ್ಲಿ ಹೊರಟ ಇಂಟರ್‌ಫೆರಾನ್ ಎಂಬ ರೋಗನಿರೋಧಕ ಪ್ರೋಟೀನಿನಿಂದಲೇ ಬೆರಳು ಊದುತ್ತದೆ ಎಂದು ಕೆಲವರ ವಾದ. ಇದು ಕೊರೊನಾ ಅಲ್ಲ, ಲಾಕ್‌ಡೌನ್‌ನಲ್ಲಿ ಮಕ್ಕಳು ತಣ್ಣನೆಯ ನೆಲದ ಮೇಲೆ ಬರಿಗಾಲಲ್ಲಿ ಇದ್ದದ್ದಕ್ಕೆ ಹೀಗಾಯಿತು ಎಂದವರೂ ಇದ್ದಾರೆ. ನಮ್ಮ ಹುಡುಗನೂ ಆ ಮಳೆಯಲ್ಲಿ ಬರಿಗಾಲಲ್ಲೇ ಗುಡ್ಡ ಹತ್ತುತ್ತಿದ್ದ, ಹಾಗಾಗಿ ಅವನದು ಕೊರೊನಾವೇ ಎಂದು ನಾನು ಹಟ ಹಿಡಿಯುವುದಿಲ್ಲ. ಮನೆಯಲ್ಲಿ ಸೋಂಕಿದ್ದಾಗ ಒಂದು ಮಗುವಿನ ಮೈಯನ್ನು ಯಾರೂ ಹತ್ತಿರ ಬಂದು ನೋಡಲಿಲ್ಲ ಎಂಬುದೇ ನನ್ನ ಸಂಕಟ.

ಫೋಟೋದಲ್ಲಿ ಕಪ್ಪಗೆ ಕಂಡದ್ದಕ್ಕೂ ಕಾರಣ ಇದೆ. ಆ ದಿನಗಳಲ್ಲಿ ನಾನು ಫೋನಿನಲ್ಲಿ ಹುಡುಕಿದಾಗ ಸಿಕ್ಕಿದ ಕಾಲುಗಳೆಲ್ಲ ಬಿಳಿಯರವು, ಗುಲಾಬಿ ಬಣ್ಣದ ಊತ. ಆಮೇಲೆ ಓದಿದೆ, ಕೋವಿಡ್ ಚರ್ಮಲಕ್ಷಣಗಳ ಬಗ್ಗೆ ಮೊದಲು ಬಂದ ಲೇಖನಗಳ ಚಿತ್ರಗಳನ್ನು ಎಣಿಸಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ತಿಳಿಬಣ್ಣದ ಚರ್ಮದವೇ ಆಗಿದ್ದವಂತೆ. ನಮ್ಮ ಬಣ್ಣದ ಮೈಮೇಲೆ ಅದೇ ಊತ ನೇರಳೆಯಾಗಿ, ಕಂದಾಗಿ ಕಾಣುತ್ತದೆ. ಬಿಸಿಲಲ್ಲಿ ದುಡಿದು ಇನ್ನೂ ಕಪ್ಪಾದ, ತೋಟದ ಕೂಲಿಯವರ ಸಾಲುಮನೆಗಳಾದ ಲೈನ್ ಮನೆಯವರ ಮೈಮೇಲೆ ಯಾರು ನೋಡಿದರು, ಯಾರು ಗುರುತಿಸಿದರು?

ಲೈನ್ ಮನೆಯಲ್ಲೇ ಒಬ್ಬರಿಗೆ ಮೈತುಂಬ ಗಂಧೆ ಎದ್ದಿತ್ತು. ದೊಡ್ಡಪತ್ರೆ ರಸ ಹಚ್ಚಿ, ಕಂಬಳಿಯಲ್ಲಿ ಉಜ್ಜಿ ಮಲಗಿಸಿದ್ದರು. ಇನ್ನೊಂದು ಮನೆಯಲ್ಲಿ ನೀರುಗುಳ್ಳೆ ಕಂಡು "ಅಮ್ಮ ಬಂದಿದ್ದಾಳೆ" ಎಂದು ಬೇವಿನಸೊಪ್ಪು ಕಟ್ಟಿದ್ದರು. ಕೊರೊನಾದ ನೀರುಗುಳ್ಳೆ ನೋಡಲು ಸೀತಾಳೆ ಸಿಡುಬಿನಂತೆಯೇ ಇರುತ್ತದೆ. ಅಮ್ಮ ಎಂದುಕೊಂಡರೆ ಮನೆಯವರು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ. ನಂಬಿಕೆಯನ್ನು ನಾನು ಬೈಯುವುದಿಲ್ಲ, ಬೇವು ಕಟ್ಟಿಯೇ ಆಸ್ಪತ್ರೆಗೂ ಹೋಗಬಹುದಿತ್ತು ಎನ್ನುವ ನೋವು ಮಾತ್ರ ಇದೆ.

ಬೆರಳಿನ ಊತ ತಾನಾಗಿ ಇಳಿಯುತ್ತದೆ, ಅದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಬೇರೆ ಇದೆ. ತೀವ್ರ ಕಾಯಿಲೆಯವರ ಮೈಮೇಲೆ ಬಲೆಯಂತೆ ಹರಡಿ, ಒತ್ತಿದರೂ ಮಾಸದ ನೇರಳೆ ಕಲೆ ರಕ್ತ ಹೆಪ್ಪುಗಟ್ಟುತ್ತಿರುವುದರ ಗುರುತಾಗಿರಬಹುದು. ಮಕ್ಕಳಲ್ಲಿ ಸೋಂಕು ಕಳೆದು ಕೆಲವು ವಾರಗಳ ಮೇಲೆ ಜ್ವರ, ಗುಳ್ಳೆ, ಕೆಂಪು ಕಣ್ಣು, ಕೆಂಪು ತುಟಿ ಒಟ್ಟಿಗೆ ಬಂದರೆ ಒಂದು ದಿನವೂ ಕಾಯಬಾರದು. ಕೊರೊನಾ ವಾಸಿಯಾಗಿ ಎರಡು ಮೂರು ತಿಂಗಳಿಗೆ ತಲೆಕೂದಲು ಹಿಡಿಹಿಡಿಯಾಗಿ ಉದುರುವುದು ಇನ್ನೊಂದು. ನನಗೂ ಉದುರಿತ್ತು, ಮತ್ತೆ ಬಂತು.

ಕೊರೊನಾ ಮುಗಿದ ಕಥೆ, ಈಗ ಯಾಕೆ ಎಂದು ಕೇಳುವವರಿಗೆ: ವೈರಾಣು ಹೋಗಿಲ್ಲ, ಮಳೆಗಾಲದಲ್ಲಿ ಡೆಂಗಿಯೂ ಇದೆ. ಥಾಯ್ಲೆಂಡ್‌ನಲ್ಲಿ 2020ರಲ್ಲೇ ಮೈಮೇಲಿನ ಕೆಂಪು ಚುಕ್ಕೆ ನೋಡಿ ಕೊರೊನಾ ರೋಗಿಯೊಬ್ಬರನ್ನು ಮೊದಲು ಡೆಂಗಿ ಎಂದುಕೊಂಡಿದ್ದರು. ಜ್ವರ ಇದ್ದವರ ಮೈ ನೋಡಿ, ಎಂದಿನಿಂದ ಎಂದು ಕೇಳಿ, ಬರೆದುಕೊಳ್ಳಿ. ಇಷ್ಟಕ್ಕೆ ದುಡ್ಡು ಬೇಕಾಗಿಲ್ಲ, ಫಾರಂನಲ್ಲಿ ಒಂದು ಸಾಲು ಸಾಕು.

ಮೊನ್ನೆ ಜ್ವರದ ಸರ್ವೆಗೆ ಅದೇ ಆಶಾ ಕಾರ್ಯಕರ್ತೆ ಬಂದಿದ್ದರು. ಆ ಸಾಲು ಇನ್ನೂ ಇರಲಿಲ್ಲ. ಹೊರಡುವಾಗ ಹುಡುಗನ ಕಾಲಿನ ವಿಷಯ ಅವರೇ ಎತ್ತಿದರು. ಈಗ ಎಲ್ಲಿ ಏನು ಕಂಡರೂ ಹಾಳೆಯ ಹಿಂಬದಿಯಲ್ಲಿ ಪೆನ್ನಿನಿಂದ ಬರೆದಿಡುತ್ತಾರಂತೆ. ತಿರುಗಿಸಿ ತೋರಿಸಿದರು: "ಮೂರನೇ ಮನೆ, ಹೆಂಗಸು, ಎರಡೂ ತೋಳಿಗೆ ಕೆಂಪು ಚುಕ್ಕೆ, ನಿನ್ನೆಯಿಂದ."