ಸಿಟ್ಟಿಗೂ ಮಾರ್ಕ್ಸೇ?

ಪ್ರಶ್ನೆ: ಮನೋರೋಗ ವಾರ್ಡಿನಲ್ಲಿ ಯಾರು ಕೈಮಾಡಬಹುದೆಂದು ಪ್ರತಿ ಪಾಳಿಯಲ್ಲೂ ಅಂಕ ಹಾಕಿಡಬೇಕೇ?

ಪರ
(ನಿಪ್ಪಾಣಿಯವಳು, ಪುಣೆಯಲ್ಲಿ ನರ್ಸ್)

ನನ್ನ ಎಡ ಮುಂಗೈ ಮೇಲೆ ಹಲ್ಲಿನ ಗುರುತಿದೆ. ಕಚ್ಚುವ ಅರ್ಧ ತಾಸು ಮೊದಲೇ ಆ ರೋಗಿ ಊಟದ ತಟ್ಟೆ ತಳ್ಳಿ ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದಳು. ಇಂಥದ್ದನ್ನು ಹಳೇ ಸಿಸ್ಟರ್‌ಗಳು ಕಣ್ಣಲ್ಲೇ ಓದುತ್ತಿದ್ದರು. ಆದರೆ ಪಾಳಿ ಮುಗಿದರೆ ಆ ಕಣ್ಣೂ ಅವರ ಜೊತೆ ಮನೆಗೆ ಹೋಗುತ್ತಿತ್ತು. ರಾತ್ರಿ ಬಂದ ಹೊಸ ಹುಡುಗಿಗೆ ಸಿಗುತ್ತಿದ್ದುದು “ಏಳನೇ ಬೆಡ್ಡು, ಹುಷಾರು” ಅಷ್ಟೇ. ಅವಳು ಹೆದರಿ ರೋಗಿಯನ್ನು ಮಂಚಕ್ಕೆ ಕಟ್ಟಿಸಿಬಿಡುತ್ತಿದ್ದಳು.

ಹೀಗೆ ಅಂಕ ಹಾಕಲೆಂದೇ ಇರುವ ನಾರ್ವೆಯ ಬ್ರೋಸೆಟ್ ಪಟ್ಟಿಯಲ್ಲಿರುವುದು ಆರೇ ಅಂಶ: ಗಲಿಬಿಲಿ, ಸಿಡುಕು, ಗದ್ದಲ, ಬಾಯಲ್ಲಿ ಬೆದರಿಕೆ, ಮೈಮೇಲೆ ಏರಿಬರುವುದು, ಸಾಮಾನು ಒಡೆಯುವುದು. ಕಂಡರೆ 1, ಇಲ್ಲದಿದ್ದರೆ 0. ಮುಂದಿನ 24 ತಾಸಿಗಷ್ಟೇ ಅದರ ಮಾತು, ರೋಗಿಯ ಜಾತಕವಲ್ಲ. ಅಂಕ 3 ಮುಟ್ಟಿದರೆ ನಾನು ಟಿವಿ ಆರಿಸುತ್ತೇನೆ, ಸುತ್ತ ನೆರೆದವರನ್ನು ಸರಿಸುತ್ತೇನೆ. ಕೈ ಕಾಣುವಂತೆ ಇಟ್ಟುಕೊಂಡು ಒಂದು ಮಾರು ದೂರದಲ್ಲಿ ಓರೆಯಾಗಿ ನಿಂತು, ನೀರು ಬೇಕೇನು ಅನ್ನುತ್ತೇನೆ. ಡಾಕ್ಟರು ಉದ್ರೇಕ ತಗ್ಗಿಸುವ ಹ್ಯಾಲೊಪೆರಿಡಾಲ್-ಪ್ರೊಮೆಥಜೀನ್ ಸೂಜಿ ಬರೆಯಲು ಬರುವ ಹೊತ್ತಿಗೆ ಎಷ್ಟೋ ಸಲ ಅದರ ಅಗತ್ಯವೇ ಉಳಿದಿರುವುದಿಲ್ಲ.

ವಿರೋಧ
(ಪುಣೆಗೆ ದುಡಿಯಲು ಬಂದ ನಮ್ಮವರ ಜೊತೆ ಆಸ್ಪತ್ರೆಗೆ ದುಭಾಷಿಯಾಗಿ ಹೋಗುವವನು)

ಮೇಡಂ ನಿಪ್ಪಾಣಿಯವರು, ಕನ್ನಡ ಮರಾಠಿ ಎರಡೂ ಬಲ್ಲವರು. ಎಲ್ಲ ವಾರ್ಡಿಗೂ ನಿಪ್ಪಾಣಿಯವರನ್ನು ಎಲ್ಲಿಂದ ತರೋಣ?

ಇಂಡಿ ಕಡೆಯ ಗಾರೆ ಕೆಲಸದವನೊಬ್ಬ “ನನ್ನ ಚಪ್ಲಿ ಯಾರ ಒಯ್ದೀರೋ” ಅಂತ ಕೈ ಬೀಸಿ ಕೇಳುತ್ತಿದ್ದ. ಆ ವಾರವಷ್ಟೇ ಕೊಂಡ ಚಪ್ಪಲಿ. ಹಾಳೆಯಲ್ಲಿ ಗದ್ದಲಕ್ಕೆ 1, ಸಿಡುಕಿಗೆ 1. ಮರಾಠಿಯಲ್ಲಿ ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲವೆಂದು ಗಲಿಬಿಲಿಗೂ 1. ನಾನು ತಲುಪುವಷ್ಟರಲ್ಲಿ ಅವನ ಮಣಿಕಟ್ಟು ಮಂಚಕ್ಕೆ ಬಿಗಿದಾಗಿತ್ತು. ನಮ್ಮ ಕಡೆ ಹೊಲದ ಆ ದಂಡೆಯವನಿಗೆ ಕೇಳುವಂತೆ ಮಾತಾಡುವುದೇ ರೂಢಿ. (ನನ್ನ ಹೆಂಡತಿ ತವರಿಗೆ ಫೋನ್ ಮಾಡಿದರೆ ಪಕ್ಕದ ಫ್ಲ್ಯಾಟಿನವರು ಜಗಳವೆಂದೇ ತಿಳಿಯುತ್ತಾರೆ.)

ಪಟ್ಟಿ ಮಾಡಿದವರಿಗೆ ಇದು ತಿಳಿಯದ್ದಲ್ಲ. ಪರಿಚಿತ ರೋಗಿಯಾದರೆ ಅವನ ಎಂದಿನ ರೀತಿಗಿಂತ ಹೆಚ್ಚಾದದ್ದಕ್ಕೆ ಮಾತ್ರ ಅಂಕ ಎಂದಿದ್ದಾರೆ. ಆದರೆ ಮೇಸ್ತ್ರಿ ರಾತ್ರೋರಾತ್ರಿ ಬಿಟ್ಟುಹೋದವನ ‘ಎಂದಿನ ರೀತಿ’ ಯಾರಿಗೆ ಗೊತ್ತು?

2017ರ ಮಾನಸಿಕ ಆರೋಗ್ಯ ಕಾಯ್ದೆಯ 97ನೇ ಕಲಮಿನ ಪ್ರಕಾರ, ಕಣ್ಣೆದುರಿಗಿನ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಕಟ್ಟಬಹುದು. ಶಿಕ್ಷೆಗೆ ಕಟ್ಟುವಂತಿಲ್ಲ, ಸಿಬ್ಬಂದಿ ಸಾಲದೆಂದೂ ಕಟ್ಟುವಂತಿಲ್ಲ. ಒಂಟಿ ಕೋಣೆಗೆ ಹಾಕುವುದಂತೂ ನಿಷಿದ್ಧ. ನಾಳೆಯೊಳಗೆ ಹೊಡೆದಾನು ಎಂಬ ಅಂಕ ಕಣ್ಣೆದುರಿಗಿನ ಅಪಾಯ ಹೇಗಾಗುತ್ತದೆ? ಮೇಡಂ 3 ಕಂಡು ಟಿವಿ ಆರಿಸುತ್ತಾರೆ, ನಾನು ನಂಬುತ್ತೇನೆ. ಅವತ್ತು ಅಲ್ಲಿದ್ದವರು ಹಗ್ಗ ತಂದರು.

ಚಪ್ಪಲಿ ಲಾಕರಿನಲ್ಲಿತ್ತು. ತಂದು ಕೊಟ್ಟೆ. ದಿಂಬಿನ ಕೆಳಗಿಟ್ಟುಕೊಂಡು ಮಲಗಿದ. ಆ 3 ಮಾತ್ರ ಅವನ ಫೈಲಿನಲ್ಲಿ ಈಗಲೂ ಇದೆ.