ಕೂಸಿನ ಮೈಮೇಲಿನ ಗಂಟೆಲ್ಲ ತಾನಾಗಿ ಹೋಗುವುದಿಲ್ಲ: ಸ್ಪಷ್ಟನೆ

“ಹಸುಗೂಸಿನ ಮೈಮೇಲಿನ ಕೆಂಪು ಗಂಟು ತಾನಾಗೇ ಕರಗುತ್ತದೆ, ಸುಮ್ನೆ ಆಸ್ಪತ್ರೆಗೆ ಓಡಬೇಡಿ” ಎಂಬ ವಾಟ್ಸಾಪ್ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಮಾತ್ರ ನಿಜ. ಸಾಮಾನ್ಯ ಹೆಮಾಂಜಿಯೋಮಾ (ರಕ್ತನಾಳಗಳ ಕೆಂಪು ಗಂಟು) ಕೆಲವು ತಿಂಗಳು ಬೆಳೆದು, ಆಮೇಲೆ ವರ್ಷಗಳಲ್ಲಿ ಕುಗ್ಗುತ್ತದೆ. ಅದೂ ಕಣ್ಣಿನ ಹತ್ತಿರವಿದ್ದರೆ ಕಾಯುವಂತಿಲ್ಲ.

ಆದರೆ ಕಪೋಸಿಫಾರ್ಮ್ ಹೆಮಾಂಜಿಯೋಎಂಡೋಥೀಲಿಯೋಮಾ ಎಂಬ ಅಪರೂಪದ ಗಡ್ಡೆ ಬೇರೆಯೇ. ಅದು ಗಟ್ಟಿಯಾಗಿ, ನೇರಳೆ ಬಣ್ಣಕ್ಕೆ ತಿರುಗಿ ಊದಿಕೊಳ್ಳಬಹುದು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಅದರೊಳಗೇ ಸಿಕ್ಕಿಕೊಂಡು ಖರ್ಚಾಗುತ್ತವೆ. ಇಂಥ ಸ್ಥಿತಿಯನ್ನು ಕಸಬಾಕ್ ಮತ್ತು ಮೆರಿಟ್ ಎಂಬ ವೈದ್ಯರು 1940ರಲ್ಲೇ ವಿವರಿಸಿದ್ದರು. ಕಮ್ಮಿಯಾದ ಪ್ಲೇಟ್‌ಲೆಟ್ ಏರಿಸಿದರೆ ಸಾಕಲ್ವಾ? ಸಾಲದು. ರಕ್ತಸ್ರಾವವಿಲ್ಲದಾಗ ಏರಿಸಿದರೆ ಗಡ್ಡೆ ಇನ್ನೂ ಜಾಸ್ತಿ ಊದಬಹುದು. ರಕ್ತಪರೀಕ್ಷೆ, ಎಂಆರ್‌ಐ ನೋಡಿ ಸಿರೊಲಿಮಸ್, ಸ್ಟೀರಾಯ್ಡ್ ಎಂಬ ಔಷಧಿ ಕೊಡುತ್ತಾರೆ.

ಗಂಟು ಗಟ್ಟಿಯಾಗಿದ್ದು, ಸುತ್ತ ರಕ್ತ ಹೆಪ್ಪುಗಟ್ಟಿದಂತೆ ಕಂದಿದ್ದರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಿ.