ಊಟಕ್ಕೆ ಕೂತಾಗ ಒಂದೇ ಕೆನ್ನೆ ಬೆವರುವುದು ಲಕ್ವದ ಸೂಚನೆಯಲ್ಲ

ಕಲಬುರಗಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಊಟ ಮಾಡುವಾಗ ಒಂದೇ ಕೆನ್ನೆ ಕೆಂಪಾಗಿ ಬೆವರಿದರೆ ಲಕ್ವ ಹೊಡೆಯುತ್ತದೆ, ಇವತ್ತೇ ಖಾರ ಬಿಡಿ ಅಂತ. ಇದು ತಪ್ಪು.

ಇದರ ಹೆಸರು ಫ್ರೇ ಸಿಂಡ್ರೋಮ್. ಕಿವಿಯ ಮುಂದೆ ಜೊಲ್ಲಿನ ಗ್ರಂಥಿ ಇದೆಯಲ್ಲ, ಅಲ್ಲಿ ಆಪರೇಷನ್ ಆದರೆ ಅಥವಾ ಜೋರು ಪೆಟ್ಟು ಬಿದ್ದರೆ ಸಣ್ಣ ನರಗಳು ತುಂಡಾಗುತ್ತವೆ. ಮತ್ತೆ ಬೆಳೆಯುವಾಗ ದಾರಿ ತಪ್ಪಿ, ಚರ್ಮದ ಬೆವರು ಗ್ರಂಥಿ ಮತ್ತು ರಕ್ತನಾಳಗಳಿಗೆ ಹೋಗಿ ಸೇರುತ್ತವೆ. ಆಮೇಲೆ ಬಾಯಲ್ಲಿ ನೀರೂರಬೇಕಾದಾಗ ಕೆನ್ನೆಯೂ ಬೆವರುತ್ತದೆ. ಇದು ಶುರುವಾಗುವುದು ಎಷ್ಟೋ ತಿಂಗಳ ನಂತರ. ಹಾಗಾಗಿ ಹಳೇ ಆಪರೇಷನ್ ಯಾರಿಗೂ ನೆನಪಾಗುವುದಿಲ್ಲ, ಬೈಗುಳ ಮಾತ್ರ ಶೇಂಗಾ ಚಟ್ನಿಗೆ! ಪೋಲೆಂಡಿನ ನರರೋಗ ವೈದ್ಯೆ ಲೂಸಿಯಾ ಫ್ರೇ 1923ರಲ್ಲೇ ಇದನ್ನು ವಿವರಿಸಿದ್ದರು.

ಮೇ ತಿಂಗಳ ನಮ್ಮ ಬಿಸಿಲಲ್ಲಿ ಖಾರ ತಿಂದು ಇಡೀ ಮುಖ ಬೆವರುವುದು ಬೇರೆ, ಅದು ಸಹಜ. ಇಕ್ಕಳ ಹಾಕಿ ಹೆರಿಗೆ ಮಾಡಿಸಿದ ಕೆಲವು ಮಕ್ಕಳಲ್ಲೂ ಊಟದ ಹೊತ್ತಿಗೆ ಒಂದು ಕೆನ್ನೆ ಕೆಂಪಾಗುತ್ತದೆ. ಅದನ್ನು ಅಲರ್ಜಿ ಅಂದುಕೊಂಡು ಸುಮ್ನೆ ಹಾಲು, ಹಣ್ಣು ಬಿಡಿಸುವವರಿದ್ದಾರೆ.

ಪರೀಕ್ಷೆ ಸುಲಭ. ಕೆನ್ನೆಗೆ ಅಯೋಡಿನ್ ಹಚ್ಚಿ, ಒಣಗಿದ ಮೇಲೆ ಸ್ಟಾರ್ಚ್ ಪುಡಿ ಉದುರಿಸಿ ಏನಾದರೂ ತಿನ್ನಿಸುತ್ತಾರೆ. ಬೆವರಿದ ಜಾಗ ಕಡುನೀಲಿಯಾಗುತ್ತದೆ. ತೊಂದರೆ ಜಾಸ್ತಿ ಇದ್ದರೆ ಬೊಟಾಕ್ಸ್ ಇಂಜೆಕ್ಷನ್ ಇದೆ, ಕೆಲವು ತಿಂಗಳು ಆರಾಮ.

ಲಕ್ವದ ಗುರುತೇ ಬೇರೆ: ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈ ಸೋತು ಬೀಳುವುದು. ಹಾಗಾದರೆ ಮೆಸೇಜ್ ಓದುತ್ತಾ ಕೂರದೆ ಕೂಡಲೇ 108ಕ್ಕೆ ಫೋನ್ ಮಾಡಿ.